ಲಿಂಕ್ಡ್‌ಇನ್ ಪ್ರೀಮಿಯಂ: ಕೆಲಸ ಸಿಗದ ಕಾಲದಲ್ಲಿ ಹಣ ಕೊಟ್ಟು ಕೊಳ್ಳಬೇಕೆ?

ಸಂಬಳ ನಿಂತಿರುವಾಗ, ಅಥವಾ ನಿಲ್ಲುವ ಸೂಚನೆ ಕಾಣುತ್ತಿರುವಾಗ, ಪ್ರತಿ ತಿಂಗಳೂ ಹಣ ಕೇಳುವ ಸೇವೆಯೊಂದನ್ನು ಅಳೆಯಲು ಬೇರೆಯದೇ ಅಳತೆಗೋಲು ಬೇಕಾಗುತ್ತದೆ. ಅದು ಹೇಳಿದ್ದನ್ನು ಮಾಡುತ್ತದೆಯೇ ಎಂದು ಪರೀಕ್ಷಿಸಿದರೆ ಸಾಲದು. ಅದು ಮಾಡುವ ಕೆಲಸ ಈ ಹೊತ್ತಿನಲ್ಲಿ ನಮಗೆ ನಿಜವಾಗಿ ಬೇಕಾದದ್ದೇ ಎಂದೂ ಕೇಳಿಕೊಳ್ಳಬೇಕು. ವೃತ್ತಿ ಸಂಪರ್ಕಗಳಿಗೂ ಕೆಲಸದ ಹುಡುಕಾಟಕ್ಕೂ ಇರುವ ಜಾಲತಾಣ ಲಿಂಕ್ಡ್‌ಇನ್‌ನ ಉಚಿತ ಖಾತೆಯನ್ನು ನಾನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಉದ್ಯೋಗಾರ್ಥಿಗಳಿಗೆಂದೇ ರೂಪಿಸಿರುವ ಅದರ ಪ್ರೀಮಿಯಂ ಕರಿಯರ್ ಚಂದಾವನ್ನು ಕೆಲಸದಲ್ಲಿದ್ದಾಗಲೂ ಕೆಲಸ ಇಲ್ಲದಿದ್ದಾಗಲೂ ಬಳಸಿ ನೋಡಿದ್ದೇನೆ. ಈ ಸೇವೆಯ ಅತಿ ಬೆಲೆಬಾಳುವ ಭಾಗ ಅದರಲ್ಲಿ ಪ್ರಕಟವಾಗುವ ಉದ್ಯೋಗ ಜಾಹೀರಾತುಗಳಲ್ಲಿ ಇಲ್ಲ, ಯಾವ ಸಂಸ್ಥೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ತಿಳಿಸುವ ಅದರ ಹುಡುಕಾಟದಲ್ಲಿದೆ ಎಂಬುದು ನನ್ನ ತೀರ್ಮಾನ. ಆ ಹುಡುಕಾಟದ ಬಹುಪಾಲು ಉಚಿತವಾಗಿಯೇ ಸಿಗುತ್ತದೆ. ಹಣ ಕೊಟ್ಟು ಪಡೆಯುವ ಭಾಗ ಒಂದೆರಡು ನಿರ್ದಿಷ್ಟ ಅಗತ್ಯಗಳಿಗೆ ಮಾತ್ರ, ಅದೂ ಅಲ್ಪಾವಧಿಗೆ, ಯೋಗ್ಯವಾಗಿದೆ.

ಈ ಸೇವೆ ಯಾರ ಹಣದಿಂದ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು, ಏಕೆಂದರೆ ಅದರ ವಿನ್ಯಾಸದ ಬಹಳಷ್ಟು ಸಂಗತಿಗಳು ಅಲ್ಲಿಂದಲೇ ಅರ್ಥವಾಗುತ್ತವೆ. ರೀಡ್ ಹಾಫ್‌ಮನ್ ಮತ್ತು ಅವರ ಸಂಗಡಿಗರು 2002ರ ಕೊನೆಯಲ್ಲಿ ಸ್ಥಾಪಿಸಿ, 2003ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ತೆರೆದ ಲಿಂಕ್ಡ್‌ಇನ್ ಅನ್ನು ಮೈಕ್ರೋಸಾಫ್ಟ್ 2016ರಲ್ಲಿ 2,620 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. 2023ರಲ್ಲಿ ಸದಸ್ಯರ ಸಂಖ್ಯೆ 100 ಕೋಟಿ ದಾಟಿತೆಂದು ಕಂಪನಿ ಹೇಳಿಕೊಂಡಿತು. ಇಷ್ಟೊಂದು ಸದಸ್ಯರಿದ್ದರೂ ಅದರ ವರಮಾನದ ದೊಡ್ಡ ಪಾಲು ಬರುವುದು ಉದ್ಯೋಗಾರ್ಥಿಗಳ ಚಂದಾದಿಂದಲ್ಲ. ಅಭ್ಯರ್ಥಿಗಳನ್ನು ಹುಡುಕುವ ಉಪಕರಣಗಳಿಗೆ ಮತ್ತು ಜಾಹೀರಾತುಗಳಿಗೆ ಹಣ ತೆರುವ ಸಂಸ್ಥೆಗಳಿಂದ. ಹಾಗಾಗಿ ಇಡೀ ವ್ಯವಸ್ಥೆ ನೇಮಕಾತಿದಾರರ ಅನುಕೂಲಕ್ಕೆ ತಕ್ಕಂತೆ ಜೋಡಣೆಯಾಗಿದೆ. ಇದರಲ್ಲಿ ವಂಚನೆಯೇನೂ ಇಲ್ಲ. ಆದರೆ ನೇಮಕಾತಿದಾರ ನಮ್ಮನ್ನು ಹೇಗೆ ಹುಡುಕುತ್ತಾನೆ ಎಂಬುದನ್ನು ಅರಿಯದೆ ಇಲ್ಲಿ ದಿನವೂ ಹೊತ್ತು ಕಳೆಯುವವರಿಗೆ ದಣಿವೇ ಹೆಚ್ಚು ದಕ್ಕುತ್ತದೆ.

ನೇಮಕಾತಿದಾರರು ಬಳಸುವುದು ಬೇರೆಯೇ ಒಂದು ಉಪಕರಣ. ಹುದ್ದೆಯ ಹೆಸರು, ಕೌಶಲಗಳು, ಸ್ಥಳ, ಅನುಭವದ ವರ್ಷಗಳು ಇವುಗಳನ್ನು ಜರಡಿಯಾಗಿಟ್ಟು ಅವರು ಪಟ್ಟಿ ಮಾಡಿಕೊಳ್ಳುತ್ತಾರೆ. ಆದ್ದರಿಂದ ಪ್ರೊಫೈಲ್‌ನ ಶೀರ್ಷಿಕೆಯಲ್ಲಿ ‘ಉತ್ಸಾಹಿ’, ‘ಫಲಿತಾಂಶಮುಖಿ’ ಮುಂತಾದ ವಿಶೇಷಣಗಳನ್ನು ತುಂಬುವುದರಿಂದ ಯಾರೂ ನಮ್ಮನ್ನು ಕಂಡುಕೊಳ್ಳುವುದಿಲ್ಲ. ಶೀರ್ಷಿಕೆಗೆ 220 ಅಕ್ಷರಗಳ ಮಿತಿಯಿದೆ. ಆ ಜಾಗದಲ್ಲಿ ನಾವು ಬಯಸುವ ಹುದ್ದೆಯ ಪ್ರಚಲಿತ ಹೆಸರು ಮತ್ತು ನಮಗೆ ನಿಜವಾಗಿ ಬರುವ ಎರಡು ಮೂರು ಕೌಶಲಗಳ ಹೆಸರು ಇದ್ದರೆ ಸಾಕು. ನಮ್ಮ ಹಳೆಯ ಸಂಸ್ಥೆ ನಮಗೆ ಕೊಟ್ಟಿದ್ದ ವಿಚಿತ್ರವಾದ ಪದನಾಮ ಹೊರಗಿನವರಿಗೆ ಅರ್ಥವಾಗದಿದ್ದರೆ, ಅದರ ಪಕ್ಕದಲ್ಲೇ ಎಲ್ಲರೂ ಬಳಸುವ ಹೆಸರನ್ನೂ ಬರೆಯುವುದು ಸುಳ್ಳಾಗುವುದಿಲ್ಲ, ಸ್ಪಷ್ಟತೆಯಾಗುತ್ತದೆ. ಈ ತಿದ್ದುಪಡಿಗೆ ಚಂದಾ ಬೇಕಾಗಿಲ್ಲ. ಚಂದಾದಾರರಿಗೆ ಈಗ ಪ್ರೊಫೈಲನ್ನು ಕೃತಕ ಬುದ್ಧಿಮತ್ತೆಯಿಂದ ಬರೆಸಿಕೊಳ್ಳುವ ಸೌಲಭ್ಯವನ್ನೂ ಕೊಡುತ್ತಾರೆ. ಅದು ಬರೆದುಕೊಡುವ ವಾಕ್ಯಗಳು ಯಾರ ಪ್ರೊಫೈಲ್‌ಗಾದರೂ ಹೊಂದುವಂಥವು. ಹತ್ತು ವರ್ಷ ದುಡಿದ ಮನುಷ್ಯನೊಬ್ಬನ ಕೆಲಸವನ್ನು ಹಾಗೆ ಬಣ್ಣಗೆಡಿಸುವುದು ನನಗೆ ಸರಿಕಾಣುವುದಿಲ್ಲ.

ಇನ್ನು ‘ಈಸಿ ಅಪ್ಲೈ’. ಒಂದೆರಡು ಗುಂಡಿ ಒತ್ತಿದರೆ ಅರ್ಜಿ ಹೋಗಿಬಿಡುವ ಈ ಸೌಲಭ್ಯವೇ ಬಹಳ ಜನರನ್ನು ಇಲ್ಲಿಗೆ ಕರೆತರುತ್ತದೆ, ಮತ್ತು ಬಹಳ ಜನರ ಆತ್ಮವಿಶ್ವಾಸವನ್ನು ಕುಗ್ಗಿಸುವುದೂ ಇದೇ. ಅರ್ಜಿ ಹಾಕುವುದು ನಮಗೆ ಸುಲಭವಾದರೆ ಎಲ್ಲರಿಗೂ ಸುಲಭ. ಉದ್ಯೋಗ ಮಾರುಕಟ್ಟೆ ಚೆನ್ನಾಗಿದ್ದಾಗ ಇದರ ಪರಿಣಾಮ ಅಷ್ಟಾಗಿ ಕಾಣುವುದಿಲ್ಲ. ಲೇಆಫ್‌ಗಳ, ಅಂದರೆ ಸಂಸ್ಥೆಗಳು ಖರ್ಚು ಉಳಿಸಲು ನೌಕರರನ್ನು ತೆಗೆಯುವ, ಕಾಲದಲ್ಲಾದರೋ ಒಂದೇ ಹುದ್ದೆಗೆ ಕೆಲವೇ ಗಂಟೆಗಳಲ್ಲಿ ನೂರಾರು ಅರ್ಜಿಗಳು ಬಂದು ಬೀಳುತ್ತವೆ, ಓದುವವರು ಮಾತ್ರ ಮೊದಲಿನಷ್ಟೇ ಮಂದಿ. ಎಷ್ಟೋ ಕಡೆ ಅವರ ಸಂಖ್ಯೆಯೂ ಇಳಿದಿರುತ್ತದೆ, ಏಕೆಂದರೆ ಖರ್ಚು ಕಡಿತದಲ್ಲಿ ಮೊದಲು ಮನೆಗೆ ಹೋಗುವವರಲ್ಲಿ ನೇಮಕಾತಿ ವಿಭಾಗದವರೂ ಇರುತ್ತಾರೆ. ಓದದೆ ಉಳಿದ ಅರ್ಜಿಗೆ ಉತ್ತರ ಬರುವುದಿಲ್ಲ; ಉತ್ತರ ಬಾರದ್ದನ್ನು ಅಭ್ಯರ್ಥಿ ತನ್ನ ಅನರ್ಹತೆಯೆಂದು ತಿಳಿಯುತ್ತಾನೆ. ಒಳ್ಳೆಯ ಅನುಭವವಿರುವ ಜನ ಹೀಗೆ ತಿಂಗಳುಗಟ್ಟಲೆ ಅರ್ಜಿ ಹಾಕುತ್ತಾ, ತಮ್ಮ ಸಾಮರ್ಥ್ಯದ ಮೇಲೇ ನಂಬಿಕೆ ಕಳೆದುಕೊಂಡದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅವರಿಗೆ ನಾನು ಹೇಳುವುದಿಷ್ಟೆ: ಆ ಮೌನ ನಿಮ್ಮ ಬಗ್ಗೆ ಕೊಟ್ಟ ತೀರ್ಪಲ್ಲ, ನಿಮ್ಮ ಅರ್ಜಿಯನ್ನು ಯಾರೂ ತೆರೆದಿಲ್ಲದಿರುವ ಸಾಧ್ಯತೆಯೇ ಹೆಚ್ಚು.

ಜಾಹೀರಾತಿನ ಕೆಳಗೆ ಕಾಣುವ ‘100ಕ್ಕೂ ಹೆಚ್ಚು’ ಎಂಬ ಲೆಕ್ಕಕ್ಕೂ ಹೆದರಬೇಕಾಗಿಲ್ಲ. ಅರ್ಜಿಯನ್ನು ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ತುಂಬಬೇಕಾದ ಹುದ್ದೆಗಳಲ್ಲಿ ಲಿಂಕ್ಡ್‌ಇನ್‌ಗೆ ತಿಳಿಯುವುದು ಎಷ್ಟು ಜನ ಗುಂಡಿ ಒತ್ತಿ ಆಚೆಗೆ ಹೋದರು ಎಂಬುದಷ್ಟೆ. ಅಲ್ಲಿ ದೀರ್ಘವಾದ ನಮೂನೆಯನ್ನು ಕಂಡು ಹಿಂದಿರುಗಿದವರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ. ಹಾಗಾಗಿ ತುಸು ಶ್ರಮ ಬೇಡುವ ಅರ್ಜಿಗಳಲ್ಲಿ ಸ್ಪರ್ಧೆ ಕಾಣುವುದಕ್ಕಿಂತ ಕಡಿಮೆ ಇರುತ್ತದೆ. ಸಮಯ ವ್ಯಯಿಸುವುದಾದರೆ ಅಲ್ಲಿ ವ್ಯಯಿಸುವುದು ಮೇಲು.

ಇನ್ನೊಂದು ತೊಂದರೆ, ನಿಜವಾಗಿ ಖಾಲಿಯಿಲ್ಲದ ಹುದ್ದೆಗಳದ್ದು. ಮುಂದೆ ಬೇಕಾದೀತೆಂದು ರೆಸ್ಯೂಮೆಗಳನ್ನು ಕೂಡಿಡುವುದಕ್ಕೆ, ಬೆಳೆಯುತ್ತಿದ್ದೇವೆಂದು ತೋರಿಸಿಕೊಳ್ಳುವುದಕ್ಕೆ, ಅಥವಾ ಒಳಗಿನ ಅಭ್ಯರ್ಥಿಯೊಬ್ಬನನ್ನು ಗೊತ್ತು ಮಾಡಿದ ಮೇಲೂ ನಿಯಮ ಪಾಲಿಸುವುದಕ್ಕೆ ಸಂಸ್ಥೆಗಳು ಜಾಹೀರಾತು ಹಾಕುವುದುಂಟು. ಹೆಸರು ಹೇಳಬಯಸದ ಒಂದು ಸಂಸ್ಥೆಯಲ್ಲಿ ನೇಮಕಾತಿಯನ್ನು ಪೂರ್ತಿ ನಿಲ್ಲಿಸಿದ ನಂತರವೂ ಜಾಹೀರಾತುಗಳು ವಾರಗಟ್ಟಲೆ ಉಳಿದಿದ್ದವು. ನನಗೆ ಅದು ತಿಳಿದದ್ದು ಒಳಗಿದ್ದ ಪರಿಚಿತರೊಬ್ಬರಿಂದ. ಕೆಲಸವಿಲ್ಲದವರ ಸಮಯಕ್ಕೆ ಬೆಲೆಯೇ ಇಲ್ಲವೆಂದು ಬಗೆಯುವ ಈ ರೂಢಿ ಅನ್ಯಾಯದ್ದು, ಅದನ್ನು ಹಾಗೆಂದೇ ಕರೆಯಬೇಕು. ಲಿಂಕ್ಡ್‌ಇನ್ ಇದಕ್ಕೆ ಕೆಲವು ಸುಳಿವುಗಳನ್ನು ಕೊಡುತ್ತದೆ: ಮರುಪ್ರಕಟಿಸಿದ ಜಾಹೀರಾತಿನ ಮೇಲೆ ಹಾಗೆಂಬ ಗುರುತು ಇರುತ್ತದೆ, ಹಣ ಕೊಟ್ಟು ಮೇಲಕ್ಕೆ ತಂದದ್ದರ ಮೇಲೆ ‘ಪ್ರೊಮೋಟೆಡ್’ ಎಂದಿರುತ್ತದೆ, ಕಳೆದ 24 ಗಂಟೆಗಳಲ್ಲಿ ಪ್ರಕಟವಾದವನ್ನು ಮಾತ್ರ ತೋರಿಸುವ ಸೋಸುವಿಕೆಯೂ ಇದೆ. ಆದರೂ ಕೊನೆಯ ಪರೀಕ್ಷೆಯನ್ನು ನಾವೇ ಮಾಡಬೇಕು. ಅದೇ ಹುದ್ದೆ ಸಂಸ್ಥೆಯ ಸ್ವಂತ ಜಾಲತಾಣದಲ್ಲಿಯೂ ಇದೆಯೇ? ಪ್ರಕಟಿಸಿದವರ ಹೆಸರು ಕಾಣುತ್ತದೆಯೇ? ಎರಡಕ್ಕೂ ಉತ್ತರ ಇಲ್ಲ ಎಂದಾದರೆ ಅರ್ಧ ದಿನ ಕೂತು ಕವರ್ ಲೆಟರ್ ಬರೆಯುವ ಅಗತ್ಯವಿಲ್ಲ. ಹಾಗೆಯೇ ಮೊದಲ ಸಂದೇಶದಲ್ಲೇ ಮಾತುಕತೆಯನ್ನು ವಾಟ್ಸಾಪ್‌ಗೋ ಟೆಲಿಗ್ರಾಂಗೋ ಒಯ್ಯುವವರು, ತರಬೇತಿಗೆ ಅಥವಾ ಉಪಕರಣಕ್ಕೆ ಮುಂಗಡ ಹಣ ಕೇಳುವವರು ಮೋಸಗಾರರೇ. ಈ ವಿಷಯದಲ್ಲಿ ಎರಡನೆಯ ಯೋಚನೆ ಬೇಡ.

ಈಗ ಈ ಸೇವೆಯ ಸತ್ವವಿರುವ ಭಾಗಕ್ಕೆ ಬರುತ್ತೇನೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಪರಿಚಯದ ಮೂಲಕ ಕೆಲಸ ಕಂಡುಕೊಂಡವರನ್ನು ವಿಚಾರಿಸಿ, ಆ ಸುದ್ದಿ ಕೊಟ್ಟವರನ್ನು ಅವರು ಎಷ್ಟು ಬಾರಿ ಭೇಟಿಯಾಗುತ್ತಿದ್ದರೆಂದು ಲೆಕ್ಕ ಹಾಕಿದ್ದರು. ಮೇಲಿಂದ ಮೇಲೆ ಭೇಟಿಯಾಗುತ್ತಿದ್ದವರಿಂದ ಸುದ್ದಿ ಸಿಕ್ಕಿದ್ದು ಶೇ. 16.7 ಮಂದಿಗೆ ಮಾತ್ರ. ಶೇ. 55.6 ಮಂದಿಗೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರಿಂದ, ಶೇ. 27.8 ಮಂದಿಗೆ ಬಲು ಅಪರೂಪಕ್ಕೆ ಕಾಣುತ್ತಿದ್ದವರಿಂದ ಸಿಕ್ಕಿತ್ತು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಇರುವುದು ಬೇರೆ ವಲಯಗಳಲ್ಲಿ ಓಡಾಡುವ ಅರೆಪರಿಚಿತರ ಬಳಿ. ಈ ವಿಚಾರವನ್ನು ಲಿಂಕ್ಡ್‌ಇನ್‌ನ ಮೇಲೇ ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಐದು ವರ್ಷಗಳ ಅವಧಿಯಲ್ಲಿ ಸುಮಾರು 2 ಕೋಟಿ ಸದಸ್ಯರಿಗೆ ‘ನಿಮಗೆ ಪರಿಚಯವಿರಬಹುದಾದವರು’ ಎಂಬ ಸಲಹೆಯನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸಿ, ಯಾವ ಬಗೆಯ ಪರಿಚಯದಿಂದ ಕೆಲಸದ ಬದಲಾವಣೆ ಆಯಿತೆಂದು ಸಂಶೋಧಕರು ನೋಡಿದರು. ತೀರ ಹತ್ತಿರದವರೂ ಅಲ್ಲದ, ಪೂರ್ತಿ ಅಪರಿಚಿತರೂ ಅಲ್ಲದ, ಕೆಲವೇ ಸಮಾನ ಪರಿಚಿತರನ್ನು ಹೊಂದಿರುವ ಮಧ್ಯಮ ದೂರದ ಸಂಪರ್ಕಗಳೇ ಹೆಚ್ಚು ಫಲಕಾರಿ ಎಂದು ಕಂಡುಬಂತು. ಸದಸ್ಯರಿಗೆ ಮುಂಚಿತವಾಗಿ ತಿಳಿಸದೆ ಅವರ ಜೀವನೋಪಾಯಕ್ಕೆ ಸಂಬಂಧಿಸಿದ ಪ್ರಯೋಗ ನಡೆಸಿದ್ದು ಸರಿಯೇ ಎಂಬ ಆಕ್ಷೇಪ ಆಗ ಎದ್ದಿತ್ತು, ನನಗೂ ಆ ಆಕ್ಷೇಪ ಒಪ್ಪಿಗೆಯೇ. ಆದರೆ ಫಲಿತಾಂಶ ಮಾತ್ರ ನಮ್ಮ ಕೈಗೆ ಬಂದಿದೆ, ಅದನ್ನು ಬಳಸಿಕೊಳ್ಳಬೇಕು.

ಬಳಸಿಕೊಳ್ಳುವ ಬಗೆ ಹೀಗೆ. ನಾವು ಸೇರಬಯಸುವ ಸಂಸ್ಥೆಯ ಪುಟದಲ್ಲಿ ‘ಪೀಪಲ್’ ಎಂಬ ವಿಭಾಗವಿದೆ. ಅಲ್ಲಿ ಕೆಲಸ ಮಾಡುವವರನ್ನು ಓದಿದ ಸಂಸ್ಥೆ, ವಿಭಾಗ, ಕೌಶಲಗಳ ಮೇಲೆ ಸೋಸಿ ನೋಡಬಹುದು. ವಿಶ್ವವಿದ್ಯಾಲಯಗಳ ಪುಟದಲ್ಲಿರುವ ಹಳೆಯ ವಿದ್ಯಾರ್ಥಿಗಳ ವಿಭಾಗದಿಂದ ನಮ್ಮಂತೆಯೇ ಓದಿದವರು ಈಗ ಎಲ್ಲೆಲ್ಲಿದ್ದಾರೆಂದು ತಿಳಿಯುತ್ತದೆ. ಇವೆರಡೂ ಉಚಿತ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಲಿಂಕ್ಡ್‌ಇನ್‌ನಲ್ಲಿ ಇವಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ. ಹಿಂದೆ ಒಂದೇ ಕಚೇರಿಯಲ್ಲಿದ್ದು ಈಗ ಬೇರೆಡೆ ಇರುವವರು, ಒಂದು ಯೋಜನೆಯಲ್ಲಿ ಸ್ವಲ್ಪ ಕಾಲ ಜೊತೆಗಿದ್ದವರು, ಪರಿಚಿತರ ಪರಿಚಿತರು, ಇಂಥವರಿಗೆ ಬರೆಯಬೇಕು. ಬರೆಯುವಾಗ ‘ಎಲ್ಲಾದರೂ ಕೆಲಸ ಇದ್ದರೆ ಹೇಳಿ’ ಎನ್ನುವುದು ಓದುವವರನ್ನು ಸಂಕೋಚಕ್ಕೆ ಸಿಲುಕಿಸುತ್ತದೆ. ನಿಮ್ಮ ವಿಭಾಗದಲ್ಲಿ ಈ ವರ್ಷ ಯಾವ ಬಗೆಯ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಇಂಥ ಹುದ್ದೆ ನಿಜವಾಗಿಯೂ ತೆರೆದಿದೆಯೇ, ಹದಿನೈದು ನಿಮಿಷ ಮಾತನಾಡಬಹುದೇ ಎಂದು ಕೇಳಿದರೆ ಹೆಚ್ಚಿನವರು ಉತ್ತರಿಸುತ್ತಾರೆ. ಮಾತುಕತೆ ಚೆನ್ನಾಗಿ ನಡೆದರೆ ರೆಫರಲ್, ಅಂದರೆ ತಮ್ಮ ಸಂಸ್ಥೆಗೆ ನಮ್ಮ ಹೆಸರು ಸೂಚಿಸುವಂತೆ, ಕೇಳುವುದು ಸಹಜವಾಗಿಬಿಡುತ್ತದೆ. ಎಷ್ಟೋ ಸಲ ಅವರೇ ಆ ಮಾತು ಎತ್ತುತ್ತಾರೆ. ಕಷ್ಟದ ಕಾಲದಲ್ಲಿ ಜನ ಒಬ್ಬರಿಗೊಬ್ಬರು ಕೈಚಾಚುವುದಕ್ಕೆ ನಾವು ಎಣಿಸಿದ್ದಕ್ಕಿಂತ ಹೆಚ್ಚು ಸಿದ್ಧರಿರುತ್ತಾರೆ ಎಂಬುದು ನನ್ನ ಅನುಭವ.

ಹಾಗಾದರೆ ಪ್ರೀಮಿಯಂ ಏನು ಕೊಡುತ್ತದೆ? ಸಂಪರ್ಕದಲ್ಲಿಲ್ಲದವರಿಗೂ ಸಂದೇಶ ಕಳಿಸುವ ಇನ್‌ಮೇಲ್, ಪ್ರೀಮಿಯಂ ಕರಿಯರ್‌ನಲ್ಲಿ ತಿಂಗಳಿಗೆ 5. ಬಳಸದೆ ಉಳಿದವು ಮುಂದಿನ ತಿಂಗಳಿಗೆ ಸೇರುತ್ತವೆ, ಆದರೆ 90 ದಿನಗಳ ನಂತರ ಉಳಿಯುವುದಿಲ್ಲ. ಕಳಿಸಿದ ಸಂದೇಶಕ್ಕೆ 90 ದಿನಗಳೊಳಗೆ ಉತ್ತರ ಬಂದರೆ ಆ ಒಂದು ಇನ್‌ಮೇಲ್ ನಮ್ಮ ಖಾತೆಗೆ ಹಿಂದಿರುಗುತ್ತದೆ. ಚೆನ್ನಾಗಿ ಬರೆದವರಿಗೆ ಹೆಚ್ಚು ಅವಕಾಶ ಕೊಡುವ ಈ ನಿಯಮ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೂ ಸಮಾನ ಪರಿಚಿತರೊಬ್ಬರ ಮೂಲಕ ಹೋದ ಮಾತಿಗೆ ಇರುವ ತೂಕ ಇನ್‌ಮೇಲ್‌ಗೆ ಇರುವುದಿಲ್ಲ. ಸಂಪರ್ಕ ಕೋರಿಕೆಯ ಜೊತೆಗೆ ಒಂದೆರಡು ಸಾಲು ಬರೆದು ಕಳಿಸುವುದರಿಂದಲೇ ಬಹಳ ಸಲ ಅದೇ ಕೆಲಸ ಆಗುತ್ತದೆ. ಉಚಿತ ಖಾತೆಯವರು ತಿಂಗಳಿಗೆ ಕಳಿಸಬಹುದಾದ ಇಂಥ ಟಿಪ್ಪಣಿಗಳಿಗೆ ಈಚೆಗೆ ಬಿಗಿಯಾದ ಮಿತಿ ಹಾಕಿದ್ದಾರೆ, ಅದು ಬೇಸರದ ಸಂಗತಿ. ಕೆಲಸ ಕಳೆದುಕೊಂಡವನು ಸೌಜನ್ಯದಿಂದ ಎರಡು ಸಾಲು ಬರೆಯುವುದಕ್ಕೂ ಅಡ್ಡಗೋಡೆ ಇರಬಾರದಿತ್ತು.

ನಮ್ಮ ಪ್ರೊಫೈಲ್ ನೋಡಿದವರ ಪೂರ್ಣ ಪಟ್ಟಿ ಚಂದಾದಾರರಿಗೆ ಸಿಗುತ್ತದೆ, ಉಚಿತ ಖಾತೆಗೆ ಕೊನೆಯ ಕೆಲವರು ಮಾತ್ರ. ಗುರುತು ಮರೆಮಾಡಿ ನೋಡಿದವರ ಹೆಸರು ಹಣ ಕೊಟ್ಟರೂ ತಿಳಿಯದು. ಈ ಪಟ್ಟಿಯಿಂದ ಕುತೂಹಲ ತಣಿಯುತ್ತದೆ, ಅಷ್ಟರಿಂದ ಕೆಲಸ ಸಿಗುವುದು ಅಪರೂಪ. ಇತರ ಅರ್ಜಿದಾರರ ಓದು, ಅನುಭವದ ಮಟ್ಟ, ಕೌಶಲಗಳ ಹೋಲಿಕೆಯೂ ಸಿಗುತ್ತದೆ. ಯಾವ ಕೌಶಲ ಎಲ್ಲರ ಬಳಿಯೂ ಇದ್ದು ನಮ್ಮ ಬಳಿ ಇಲ್ಲ ಎಂದು ತಿಳಿಯಲು ಅದು ಒಂದೆರಡು ಬಾರಿ ಉಪಯೋಗಕ್ಕೆ ಬಂದೀತು. ಚಂದಾದ ಜೊತೆಗೆ ಬರುವ ಲಿಂಕ್ಡ್‌ಇನ್ ಲರ್ನಿಂಗ್‌ನ ಮೂಲ, 2015ರಲ್ಲಿ ಕಂಪನಿ 150 ಕೋಟಿ ಡಾಲರ್‌ಗೆ ಕೊಂಡ ಲಿಂಡಾ ಡಾಟ್ ಕಾಮ್. ತಂತ್ರಾಂಶಗಳ ಬಳಕೆ ಕಲಿಸುವ ಅದರ ಪಾಠಗಳು ಅಚ್ಚುಕಟ್ಟಾಗಿವೆ. ಪ್ರಮಾಣಪತ್ರಗಳನ್ನು ಪ್ರೊಫೈಲ್‌ನಲ್ಲಿ ಸಾಲಾಗಿ ಜೋಡಿಸುವುದರ ಬದಲು, ಕಲಿತದ್ದನ್ನು ಉಪಯೋಗಿಸಿ ಮಾಡಿದ ಒಂದು ಕೆಲಸವನ್ನು ತೋರಿಸಿದರೆ ಸಂದರ್ಶನದಲ್ಲಿ ಮಾತಾಡಲು ಏನಾದರೂ ಇರುತ್ತದೆ.

ನಾನು ಹಣ ಕೊಟ್ಟದ್ದು ಸಾರ್ಥಕವೆನಿಸಿದ ಸೌಲಭ್ಯ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು. ಸಂಸ್ಥೆಯ ಪುಟದಲ್ಲಿ ಚಂದಾದಾರರಿಗೆ ಅಲ್ಲಿನ ನೌಕರರ ಸಂಖ್ಯೆ ಕಳೆದ ತಿಂಗಳುಗಳಲ್ಲಿ ಮತ್ತು ವರ್ಷಗಳಲ್ಲಿ ಹೇಗೆ ಏರಿತು ಅಥವಾ ಇಳಿಯಿತು, ಯಾವ ವಿಭಾಗ ಬೆಳೆಯುತ್ತಿದೆ, ಯಾವುದು ಕರಗುತ್ತಿದೆ ಎಂಬ ನಕ್ಷೆ ಸಿಗುತ್ತದೆ. ಇದು ಸದಸ್ಯರು ತಾವೇ ಬರೆದುಕೊಂಡ ಮಾಹಿತಿಯಿಂದ ಹುಟ್ಟುವುದರಿಂದ ಕರಾರುವಾಕ್ಕಾದ ಲೆಕ್ಕವಲ್ಲ. ಕೆಲಸ ಹೋದವರು ಪ್ರೊಫೈಲ್ ತಿದ್ದಲು ತಿಂಗಳುಗಳನ್ನೇ ತೆಗೆದುಕೊಳ್ಳುವುದುಂಟು, ಹಾಗಾಗಿ ಇಳಿತ ನಕ್ಷೆಯಲ್ಲಿ ತಡವಾಗಿ ಕಾಣುತ್ತದೆ. ಆದರೂ ದಿಕ್ಕು ತಿಳಿಯುತ್ತದೆ. ಆರ್ಥಿಕತೆ ಕುಸಿದಿರುವಾಗ ಸಿಕ್ಕ ಕೆಲಸವನ್ನು ಆರು ತಿಂಗಳಲ್ಲಿ ಮತ್ತೆ ಕಳೆದುಕೊಳ್ಳುವುದು ಕೆಲಸ ಸಿಗದಿರುವುದಕ್ಕಿಂತ ಕಡಿಮೆ ಕಷ್ಟದ್ದೇನಲ್ಲ. ಒಟ್ಟು ಸಂಖ್ಯೆ ಇಳಿಯುತ್ತಿದ್ದು, ಮಾರಾಟ ವಿಭಾಗ ಮಾತ್ರ ಬೆಳೆಯುತ್ತಿದ್ದು, ನಾವು ಸೇರಬೇಕಾದ ವಿಭಾಗ ಎರಡು ವರ್ಷಗಳಿಂದ ಕುಗ್ಗುತ್ತಿದ್ದರೆ, ಸಂದರ್ಶನದಲ್ಲಿ ಆ ಬಗ್ಗೆ ನೇರವಾಗಿ, ವಿನಯದಿಂದ ಕೇಳುವ ಹಕ್ಕು ನಮಗಿದೆ. ಈ ಹುದ್ದೆ ಹೊಸದೋ ಬಿಟ್ಟುಹೋದವರ ಜಾಗವೋ, ಹಿಂದಿನವರು ಎಷ್ಟು ಕಾಲ ಇದ್ದರು, ಈ ವಿಭಾಗಕ್ಕೆ ಮುಂದಿನ ವರ್ಷದ ಬಜೆಟ್ ನಿಗದಿಯಾಗಿದೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದ ಧಾಟಿಯಿಂದಲೇ ಬಹಳಷ್ಟು ಗೊತ್ತಾಗುತ್ತದೆ.

ಕೆಲಸ ಹುಡುಕುತ್ತಿದ್ದೇವೆಂದು ಪ್ರೊಫೈಲ್‌ನಲ್ಲಿ ತಿಳಿಸುವ ‘ಓಪನ್ ಟು ವರ್ಕ್’ ಬಗ್ಗೆ ಬಹಳ ಜನ ಕೇಳುತ್ತಾರೆ. ಇದರಲ್ಲಿ ಎರಡು ಆಯ್ಕೆಗಳಿವೆ: ನೇಮಕಾತಿದಾರರಿಗೆ ಮಾತ್ರ ಕಾಣುವುದು, ಮತ್ತು 2020ರಲ್ಲಿ ಬಂದ, ಭಾವಚಿತ್ರದ ಸುತ್ತ ಹಸಿರು ಪಟ್ಟಿಯೊಂದಿಗೆ ಎಲ್ಲರಿಗೂ ಕಾಣುವುದು. ಕೆಲಸದಲ್ಲಿರುವವರಿಗೆ ಮೊದಲನೆಯದೇ ಸರಿ; ಆದರೆ ನಮ್ಮ ಈಗಿನ ಸಂಸ್ಥೆಯ ನೇಮಕಾತಿದಾರರಿಂದ ಅದನ್ನು ಮರೆಯಾಗಿಡಲು ಪ್ರಯತ್ನಿಸುತ್ತೇವೆ, ಪೂರ್ಣ ಖಾತರಿ ಕೊಡಲಾರೆವು ಎಂದು ಲಿಂಕ್ಡ್‌ಇನ್ ತಾನೇ ಹೇಳುತ್ತದೆ. ಕೆಲಸ ಹೋದವರು ಹಸಿರು ಪಟ್ಟಿ ಹಾಕಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಲೇಆಫ್ ಎಂಬುದು ಸಂಸ್ಥೆಯ ಲೆಕ್ಕಾಚಾರದ ಫಲ, ವ್ಯಕ್ತಿಯ ಯೋಗ್ಯತೆಯ ಅಳತೆಯಲ್ಲ. ಆ ಪಟ್ಟಿ ನೋಡಿ ಹಿಂದೆ ಸರಿಯುವ ನೇಮಕಾತಿದಾರರು ಇದ್ದಾರೆ, ನಿಜ. ಆದರೆ ಅದನ್ನು ಕಂಡೇ ನೆನಪಿಸಿಕೊಂಡು ಬರೆಯುವ ಹಳೆಯ ಸಹೋದ್ಯೋಗಿಗಳೂ ಇದ್ದಾರೆ, ಮತ್ತು ಮೇಲೆ ಹೇಳಿದಂತೆ ಕೆಲಸ ಬರುವುದು ಹೆಚ್ಚಾಗಿ ಅಂಥವರ ಕಡೆಯಿಂದ.

ಇನ್ನೂ ಕೆಲಸದಲ್ಲಿರುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಖಾತೆಗೆ ಕಚೇರಿಯ ಇಮೇಲ್ ವಿಳಾಸವೊಂದನ್ನೇ ಕೊಟ್ಟಿದ್ದರೆ ಇಂದೇ ಸ್ವಂತ ವಿಳಾಸವನ್ನೂ ಸೇರಿಸಿ. ಕೆಲಸದಿಂದ ತೆಗೆದ ಕ್ಷಣದಲ್ಲೇ ಕಚೇರಿಯ ಇಮೇಲ್ ಮುಚ್ಚಿಹೋಗುತ್ತದೆ, ಆಗ ಪಾಸ್‌ವರ್ಡ್ ಮರೆತರೆ ವರ್ಷಗಳ ಸಂಪರ್ಕವೇ ಕೈತಪ್ಪಬಹುದು. ನಿಮ್ಮ ಸಂಪರ್ಕಗಳ ಪಟ್ಟಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕೇಳಿ ಇಳಿಸಿಕೊಳ್ಳಬಹುದು, ಅದನ್ನೂ ಮಾಡಿಟ್ಟುಕೊಳ್ಳಿ. ಪ್ರೊಫೈಲ್ ತಿದ್ದುವ ಮೊದಲು, ಬದಲಾವಣೆಗಳನ್ನು ಸಂಪರ್ಕದವರಿಗೆ ತಿಳಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಒಳ್ಳೆಯ ಕೆಲಸವೊಂದು ಮುಗಿದಾಗ, ಅದು ಎಲ್ಲರ ನೆನಪಿನಲ್ಲಿ ಹಸಿಯಾಗಿರುವಾಗಲೇ, ಜೊತೆಗಿದ್ದವರಿಂದ ನಾಲ್ಕು ಸಾಲಿನ ಶಿಫಾರಸು ಬರೆಸಿಕೊಳ್ಳಿ. ಲೇಆಫ್ ಆದ ಮರುದಿನ ಕೇಳುವುದು ಇಬ್ಬರಿಗೂ ಕಷ್ಟ. ಕೆಲಸದಲ್ಲಿರುವಾಗ ತಿಂಗಳಿಗೊಮ್ಮೆ ಅರ್ಧ ಗಂಟೆ ಇದಕ್ಕೆ ಕೊಡುವುದು, ಕೆಲಸ ಹೋದ ಮೇಲೆ ದಿನವಿಡೀ ಕೂರುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಖಾಸಗಿತನದ ವಿಷಯದಲ್ಲಿ ಲಿಂಕ್ಡ್‌ಇನ್‌ಗೆ ಒಳ್ಳೆಯ ಅಂಕ ಕೊಡಲಾರೆ. 2012ರಲ್ಲಿ ಕಳುವಾದ ಪಾಸ್‌ವರ್ಡ್‌ಗಳ ಪ್ರಮಾಣ ಮೊದಲು ತಿಳಿದದ್ದಕ್ಕಿಂತ ಬಹಳ ದೊಡ್ಡದೆಂದು, 10 ಕೋಟಿಗೂ ಮೀರಿದ್ದೆಂದು, 2016ರಲ್ಲಿ ಬಯಲಾಯಿತು. 2024ರಲ್ಲಿ ಸದಸ್ಯರ ಬರಹ ಮತ್ತು ಮಾಹಿತಿಯನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುವ ಆಯ್ಕೆಯನ್ನು ಹಲವು ದೇಶಗಳಲ್ಲಿ ಅವರನ್ನು ಕೇಳದೆಯೇ ಚಾಲೂ ಮಾಡಿತ್ತು. ಬೇಡವಾದವರು ಸೆಟ್ಟಿಂಗ್ಸ್‌ಗೆ ಹೋಗಿ ತಾವೇ ಅದನ್ನು ಆಫ್ ಮಾಡಬೇಕು. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡುವುದು, ಜನ್ಮದಿನಾಂಕ ಮತ್ತು ಫೋನ್ ಸಂಖ್ಯೆಯನ್ನು ಎಲ್ಲರಿಗೂ ಕಾಣದಂತೆ ಇಡುವುದು ಕ್ಷೇಮ.

ಚಂದಾ ಕೊಳ್ಳುವುದಾದರೆ ಸಾಮಾನ್ಯವಾಗಿ ಸಿಗುವ ಒಂದು ತಿಂಗಳ ಉಚಿತ ಅವಧಿಯನ್ನು ಸುಮ್ಮನೆ ಆರಂಭಿಸಬೇಡಿ. ಮೊದಲು ಉಚಿತ ಖಾತೆಯಲ್ಲಿಯೇ ಸೇರಬಯಸುವ ಹದಿನೈದಿಪ್ಪತ್ತು ಸಂಸ್ಥೆಗಳ ಪಟ್ಟಿ ಮಾಡಿ, ಪ್ರತಿಯೊಂದರಲ್ಲೂ ಯಾರ ಪರಿಚಯವಿದೆ ಎಂದು ಗುರುತಿಸಿ, ರೆಸ್ಯೂಮೆಯನ್ನು ಸಿದ್ಧಪಡಿಸಿ, ಆಮೇಲೆ ಚಂದಾ ತೆರೆದು ಆ ಸಂಸ್ಥೆಗಳ ನೌಕರರ ನಕ್ಷೆ ನೋಡಿ, ಯಾವ ಮಾರ್ಗದಿಂದಲೂ ತಲುಪಲಾಗದವರಿಗೆ ಮಾತ್ರ ಇನ್‌ಮೇಲ್ ಕಳಿಸಿ. ಉಚಿತ ಅವಧಿಗೂ ಪಾವತಿ ವಿವರ ಕೇಳುತ್ತಾರೆ, ಅವಧಿ ಮುಗಿದೊಡನೆ ಹಣ ತಾನಾಗಿ ಕಡಿತವಾಗುತ್ತದೆ. ಕನಿಷ್ಠ ಒಂದು ದಿನ ಮುಂಚಿತವಾಗಿ ರದ್ದುಪಡಿಸಬೇಕು. ಐಫೋನಿನ ಆ್ಯಪ್ ಮೂಲಕ ಕೊಂಡಿದ್ದರೆ ರದ್ದತಿಯನ್ನೂ ಆಪಲ್ ಖಾತೆಯ ಮೂಲಕವೇ ಮಾಡಬೇಕಾಗುತ್ತದೆ. ರದ್ದಾದ ಮೇಲೆ ಉಳಿದ ಇನ್‌ಮೇಲ್‌ಗಳು ಹೋಗುತ್ತವೆ, ಕಟ್ಟಿಕೊಂಡ ಸಂಪರ್ಕಗಳು ಮತ್ತು ನಡೆದ ಸಂಭಾಷಣೆಗಳು ಉಚಿತ ಖಾತೆಯಲ್ಲಿ ಹಾಗೆಯೇ ಉಳಿಯುತ್ತವೆ.